ಒಳ್ಳೆ ಕೂದಲಿನ ಸರ್ಟಿಫಿಕೇಟು

ಹುಟ್ಟಿದಾಗಲೇ ಅವಳ ತಲೆಯ ಮೇಲೆ ಬೆರಳಿಗೆ ಸುತ್ತಿ ಬಿಟ್ಟಂಥ ಕೂದಲಿತ್ತು. ಹಾಗಾಗಿ ಹೆಸರಿಡುವ ಮೊದಲೇ ಹೆಸರು ಬಿದ್ದಿತ್ತು: ಗುಂಗುರಿ. ಆಮೇಲೆ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕಾಯಿತು, ಕರೆಯುವುದಕ್ಕೆ ಇದೇ ಉಳಿಯಿತು. ಬಾಚಣಿಗೆಗೂ ಅವಳಿಗೂ ಹುಟ್ಟು ವೈರ. ಅಮ್ಮ ಬಾಚಲು ಕೂತರೆ ಮೂರು ಮನೆ ಆಚೆಯವರೂ "ಗುಂಗುರಿ ಸ್ಕೂಲಿಗೆ ಹೊರಟ್ಲು" ಎಂದು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಅಷ್ಟು ಅಳು. ಅಪ್ಪ ಮಾತ್ರ, "ಬಿಡೇ, ತಲೆಯೊಳಗೆ ನೆಟ್ಟಗಿದ್ರೆ ಸಾಕು, ಮೇಲೆ ಹೆಂಗಿದ್ರೇನು" ಎನ್ನುತ್ತಿದ್ದ.

ಕನ್ನಡಕದ ಅಂಗಡಿಯವರು ಹಾಗೆನ್ನುವವರಲ್ಲ.

ಅದು ಹತ್ತಾರು ಊರುಗಳಲ್ಲಿ ಶಾಖೆಗಳಿರುವ ದೊಡ್ಡ ಅಂಗಡಿ. ನೆಲಮಹಡಿಯಲ್ಲಿ ಗೋಡೆಯುದ್ದಕ್ಕೂ ಫ್ರೇಮುಗಳು, ಅವುಗಳ ಹಿಂದೆ ದೀಪ. ಮೇಲೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆ. ಕೆಳಗೆ ನೆಲಮಾಳಿಗೆಯಲ್ಲಿ ಗಾಜು ಉಜ್ಜುವ ಯಂತ್ರಗಳು. ಅಲ್ಲಿ ಸಂದರ್ಶನಕ್ಕೆ ಕರೆ ಬಂದಾಗ ಗುಂಗುರಿಗೆ ಇಪ್ಪತ್ತೆರಡು ವರ್ಷ. ಸಣ್ಣದೊಂದು ಪಾರ್ಲರ್ ಇಟ್ಟುಕೊಂಡಿದ್ದ ಚಿಕ್ಕಮ್ಮ ಹಿಂದಿನ ದಿನವೇ ಅವಳನ್ನು ಹಿಡಿದು ಕೂರಿಸಿದಳು. ಮೂಗು ಸೀಯುವ ಕ್ರೀಮು ಬಳಿದಳು, ತೊಳೆದಳು, ಇಕ್ಕಳದಂಥ ಬಿಸಿ ಇಸ್ತ್ರಿಯಲ್ಲಿ ಎಳೆ ಎಳೆಯಾಗಿ ಎಳೆದಳು. ಮೂರು ಗಂಟೆಯಾದ ಮೇಲೆ ಕನ್ನಡಿಯಲ್ಲಿ ಕಂಡವಳು ಯಾರೋ ಬೇರೆ ಹುಡುಗಿ. ಮರುದಿನ ಅವಳಿಗೆ ಕೆಲಸ ಸಿಕ್ಕಿತು. ಅಲ್ಲೇ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋ ಕಡತ ಸೇರಿತು.

ನಾಲ್ಕು ವರ್ಷ, ಆರು ತಿಂಗಳಿಗೊಮ್ಮೆ ಚಿಕ್ಕಮ್ಮನ ಕುರ್ಚಿ. ಅಂಗಡಿಯಲ್ಲಿ ಒಬ್ಬರಿಗೂ 'ಗುಂಗುರಿ' ಎಂಬ ಹೆಸರೇ ಗೊತ್ತಿರಲಿಲ್ಲ.

ಕೆಲಸದಲ್ಲಿ ಅವಳ ಕೈ ಒಳ್ಳೆಯದು. ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ಅವರ ಮೂಗು ನೋಡಿ, ಯಾವ ಫ್ರೇಮು ಜಾರುತ್ತದೆ, ಯಾವುದು ಕಚ್ಚುತ್ತದೆ ಎಂದು ಲೆಕ್ಕ ಹಾಕಿರುತ್ತಿದ್ದಳು. ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಯ ಡಬ್ಬಿಯ ಮೇಲೆ ಹಿಡಿದು, ಮೆತ್ತಗಾಗುವುದನ್ನು ಹೆಬ್ಬೆರಳಲ್ಲೇ ತಿಳಿದು, ಕಿವಿಯ ಹಿಂದಿನ ಎಲುಬಿಗೆ ಸರಿಯಾಗಿ ಬಗ್ಗಿಸುತ್ತಿದ್ದಳು. "ಹಾಕ್ಕೊಂಡಿರೋದೇ ಗೊತ್ತಾಗಲ್ಲ ಕಣಮ್ಮ" ಎಂದು ವಯಸ್ಸಾದವರು ಹೇಳಿ ಹೋದರೆ ಅವಳಿಗೆ ಆ ದಿನ ಸಾರ್ಥಕ.

ಮದುವೆಯಾಯಿತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾರದೋ ಕಟ್ಟಡದಲ್ಲಿ ಯಾರೋ ಸಿಕ್ಕಿಹಾಕಿಕೊಂಡರೆಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಬೇಕು. ಅತ್ತೆ ಒಂದು ನರ್ಸಿಂಗ್ ಹೋಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ಸಂಜೆ ಐದರಿಂದ ಹನ್ನೊಂದರ ಪಾಳಿ. ಹೊಸ ತಾಯಂದಿರಿಗೆ ಮೊದಲ ಸಲ ಮಗುವನ್ನು ಎದೆಗೆ ಹಚ್ಚಿಸುವುದರಲ್ಲಿ ಎತ್ತಿದ ಕೈ. ಡಾಕ್ಟರು, ನರ್ಸು ಎಲ್ಲರೂ ಸೋತು ಕೈಚೆಲ್ಲಿದ ಮೇಲೆ, "ಹಾಲಮ್ಮನ್ನ ಕರೀರಿ" ಎನ್ನುತ್ತಿದ್ದರು. ಅತ್ತೆ ಹೋಗಿ, ಮಗುವಿನ ಗಲ್ಲಕ್ಕೆ ಕಿರುಬೆರಳು ತಾಗಿಸಿ, ಅದೇನೋ ಗೊಣಗಿ, ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಬರುತ್ತಿದ್ದರು. "ಏನು ಗೊಣಗ್ತೀರಿ ಅತ್ತೆ?" ಎಂದು ಗುಂಗುರಿ ಒಮ್ಮೆ ಕೇಳಿದ್ದಳು. "ಮಂತ್ರ ಗಿಂತ್ರ ಅಲ್ಲ. 'ಬೇಗ ಕುಡಿಯೋ ಮಾರಾಯ, ನನಗೆ ಇನ್ನೂ ನಾಲ್ಕು ಹಾಸಿಗೆ ಇದೆ' ಅಂತೀನಿ."

ಬಸಿರಾದಾಗ ಆ ನರ್ಸಿಂಗ್ ಹೋಮಿನ ಡಾಕ್ಟರಮ್ಮನೇ ಗುಂಗುರಿಯನ್ನು ನೋಡಿದ್ದು. "ತಲೆಗೆ ಹಾಕ್ಕೊಳ್ಳೋ ಆ ಕ್ರೀಮು ಬಿಡು. ಮಗೂಗೆ ವರ್ಷ ತುಂಬಿ ಹಾಲು ಬಿಡೋ ತನಕ ಅದರ ಹತ್ರ ಸುಳೀಬೇಡ" ಎಂದರು. ಬಿಟ್ಟಳು. ಬುಡದಿಂದ ಗುಂಗುರು ಹುಟ್ಟತೊಡಗಿತು, ತುದಿಯಲ್ಲಿ ಹಳೆಯ ನೆಟ್ಟನೆ ಕೂದಲು ಜೋತಾಡುತ್ತಿತ್ತು. ಹೆರಿಗೆಯಾಗಿ ಮೂರು ತಿಂಗಳಿಗೆ ಎಲ್ಲ ಬಾಣಂತಿಯರಿಗಾಗುವಂತೆ ಅವಳಿಗೂ ಕೂದಲುದುರುವುದು ಶುರುವಾಯಿತು. ಒಂದು ಬೆಳಿಗ್ಗೆ ಕೂಸು ಸುಮ್ಮನಾಗದೆ ಕಿರುಚುತ್ತಿತ್ತು. ಹಾಲು ಕೊಟ್ಟರೆ ಬೇಡ, ಎತ್ತಿಕೊಂಡರೆ ಬೇಡ. ಅತ್ತೆ ಬಟ್ಟೆ ಬಿಚ್ಚಿ ಅಡಿಯಿಂದ ಮುಡಿಯವರೆಗೆ ತಡವಿದರು. ಎಡಗಾಲಿನ ಕಿರುಬೆರಳಿಗೆ ಒಂದು ಉದ್ದ ಕೂದಲು ಐದಾರು ಸುತ್ತು ಸುತ್ತಿಕೊಂಡು ಬೆರಳು ನೀಲಿಯಾಗಿತ್ತು. ಅತ್ತೆ ಭೂತಗನ್ನಡಿ ತರಿಸಿ, ಸೂಜಿಯ ತುದಿಯಿಂದ ಎತ್ತಿ ಬಿಡಿಸಿದರು. ಆಮೇಲೆ ಅದೇ ಕೈಯಲ್ಲಿ ಕತ್ತರಿ ತೆಗೆದುಕೊಂಡು, "ಕೂತ್ಕೋ" ಎಂದರು. ಗುಂಗುರಿ ಕೂತಳು. ಹಳೆಯ ನೆಟ್ಟನೆ ಕೂದಲೆಲ್ಲ ನೆಲಕ್ಕೆ ಬಿತ್ತು. ಕಿವಿಯ ಕೆಳಗೆ ನಾಲ್ಕು ಬೆರಳಷ್ಟು ಉಳಿಯಿತು, ಅಷ್ಟೂ ಸುರುಳಿ.

ಆರು ತಿಂಗಳ ರಜೆ ಮುಗಿಸಿ ಅವಳು ಕೆಲಸಕ್ಕೆ ಹೋದದ್ದು ಆ ತಲೆಯಲ್ಲಿ.

ಅಂಗಡಿಯಲ್ಲೊಂದು ಪದ್ಧತಿಯಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಕೆಲಸದವರು ಇಬ್ಬಿಬ್ಬರಾಗಿ ಎದುರುಬದುರು ನಿಂತು ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು. ಉಗುರು, ಬೂಟು, ಕಾಲರು, ಬ್ಯಾಡ್ಜು, ಕೊನೆಗೆ ಕೂದಲು. ಕೂದಲಿನ ಎದುರು 'ನುಣುಪಾಗಿ, ಕಿವಿಯ ಹಿಂದೆ, ಫೋಟೋದಲ್ಲಿರುವಂತೆ' ಎಂದು ಅಚ್ಚಾಗಿತ್ತು. ನೋಡಿದವರು ಸಹಿ ಹಾಕಬೇಕು. ಆಮೇಲೆ ತಪ್ಪು ಸಿಕ್ಕಿದರೆ ತಪ್ಪಿದವರಿಗೊಂದು ಕಪ್ಪು ಗುರುತು, ಸಹಿ ಹಾಕಿದವರಿಗೂ ಒಂದು. 'ಕನ್ನಡಿ ಜೋಡಿ' ಎಂದು ಅದರ ಹೆಸರು. ಗುಂಗುರಿಯ ಜೋಡಿ ಅಳತೆ ಅಕ್ಕ. ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಗಾಜು ಬದಲಿಸುತ್ತ ಕೂತವಳು. ನಿದ್ದೆಯಲ್ಲೂ "ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?" ಎಂದು ಕೇಳುತ್ತಾಳೆಂದು ಅವಳ ಗಂಡ ದೂರುತ್ತಿದ್ದನಂತೆ.

ಮೊದಲ ದಿನ ಗುಂಗುರಿ ತಲೆಗೆ ಸುತ್ತಿದ್ದ ದುಪಟ್ಟಾ ತೆಗೆದದ್ದೇ ಅಳತೆ ಅಕ್ಕ ಪೆನ್ನು ಕೆಳಗಿಟ್ಟಳು.

"ಅಯ್ಯೋ ಇದೇನೇ? ಹೆರಿಗೆಗೆ ಹೋಗಿದ್ಯಾ, ಕೂದಲು ಸುರುಳಿ ಮಾಡಿಸ್ಕೊಳ್ಳೋಕೆ ಹೋಗಿದ್ಯಾ?"

"ಇದೇ ನಿಜ ಅಕ್ಕ. ನಾಲ್ಕು ವರ್ಷ ನೀವು ನೋಡಿದ್ದು ಸುಳ್ಳು."

"ಸುಳ್ಳೇ ಚೆನ್ನಾಗಿತ್ತಲ್ಲೇ! ಅಂದ್ರೆ, ಇದೂ ಚೆನ್ನಾಗಿದೆ. ಚೆನ್ನಾಗಿರೋದು ಬೇರೆ, ಸಹಿ ಹಾಕೋದು ಬೇರೆ ಅಲ್ವಾ." ಅಳತೆ ಅಕ್ಕ ಹಾಳೆಯನ್ನೂ ತಲೆಯನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ತನ್ನ ತಲೆಯಿಂದಲೇ ಎರಡು ಪಿನ್ನು ಕಿತ್ತು ಅವಳ ಕಿವಿಯ ಹಿಂದೆ ಒತ್ತಿ, ಸಹಿ ಹಾಕಿದಳು. "ಸಂಜೆ ತನಕ ತಲೆ ಅಲ್ಲಾಡಿಸ್ಬೇಡ. ಯಾರಾದ್ರೂ ಏನಾದ್ರೂ ಕೇಳಿದ್ರೆ ಬಾಯಲ್ಲಿ ಹೌದು ಅನ್ನು."

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಕರೆಸಿದ. ಗದರುವ ಮನುಷ್ಯನಲ್ಲ ಅವನು. ಕೆಟ್ಟ ಸುದ್ದಿಯನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಮೆಲ್ಲಗೆ ಹೇಳುವವನು. ಮೇಜಿನ ಮೇಲೆ ಅವಳ ಕಡತ ತೆರೆದಿತ್ತು.

"ಕೂತ್ಕೊಳಮ್ಮ. ಮಗು ಚೆನ್ನಾಗಿದೆಯಾ? ಒಳ್ಳೇದು. ಈಗ ಈ ಫೋಟೋದಲ್ಲಿರೋರು ಯಾರು ಹೇಳು."

"ನಾನೇ ಸರ್. ಆಗ ಕ್ರೀಮು ಹಾಕಿಸಿದ್ದೆ."

"ಅಂದ್ರೆ ಫೋಟೋ ಸುಳ್ಳು."

"ಫೋಟೋ ನಿಜ ಸರ್. ಕೂದಲು ಸುಳ್ಳು."

"ಮತ್ತೆ ಇದು?"

"ಇದು ನಿಜ."

ಮ್ಯಾನೇಜರು ಹಣೆ ಉಜ್ಜಿಕೊಂಡ. "ಇದನ್ನ ಹೆಡ್ಡಾಫೀಸಿಗೆ ನಾನು ಹೆಂಗಮ್ಮ ಬರೀಲಿ?"

"ಹೊಸ ಫೋಟೋ ತೆಗೆದು ಹಾಕ್ಬಿಡಿ ಸರ್."

ಅವನು ನಿಯಮದ ಪುಸ್ತಕ ತೆರೆದು ತೋರಿಸಿದ. ಅದರಲ್ಲಿ ಒಂದು ಹೆಣ್ಣಿನ ತಲೆಯ ಚಿತ್ರ. ಕಣ್ಣು, ಮೂಗು, ಬಾಯಿ ಏನೂ ಇಲ್ಲ, ಬರೀ ತಲೆ. ಕೂದಲು ಬಟ್ಟಲಿಗೆ ಬಳಿದ ಬಣ್ಣದ ಹಾಗೆ ಸಪಾಟು. ಹೊಸ ಫೋಟೋ ಇದಕ್ಕೆ ಹೊಂದಬೇಕು, ಇಲ್ಲದಿದ್ದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ. ಎರಡು ವಾರದೊಳಗೆ ತಲೆ ಫೋಟೋದ ಹಾಗಾಗಬೇಕು. ಆಗದಿದ್ದರೆ ಗಿರಾಕಿಗಳ ಕಣ್ಣಿಗೆ ಬೀಳದ ಜಾಗ, ಅಂದರೆ ನೆಲಮಾಳಿಗೆ. ಅಲ್ಲಿಯ ಪಾಳಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟು. ಮೇಲಿನಿಂದ ದಿನವಿಡೀ ಇಳಿದು ಬಂದ ಆರ್ಡರುಗಳನ್ನು ಉಜ್ಜಿ ಮುಗಿಸಿಯೇ ಏಳಬೇಕು.

ಆ ಪಾಳಿಯ ಮಾತು ಕೇಳಿದ್ದೇ ಗುಂಗುರಿ ಮನಸ್ಸಿನಲ್ಲೇ ಗಂಟೆ ಎಣಿಸತೊಡಗಿದಳು. ಕೌಂಟರಿನ ಪಾಳಿ ನಾಲ್ಕಕ್ಕೆ ಮುಗಿಯುತ್ತಿತ್ತು. ನಾಲ್ಕೂಕಾಲಿಗೆ ಮನೆ, ಕೂಸು ಎದೆಗೆ. ನಾಲ್ಕೂವರೆಗೆ ಅತ್ತೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಓಟದವರು ಕೋಲು ಕೈಬದಲಿಸುವ ಹಾಗೆ ಕೂಸು ಒಬ್ಬರ ಕೈಯಿಂದ ಒಬ್ಬರ ಕೈಗೆ. ಎಂಟರ ಪಾಳಿಯಾದರೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ ಕೂಸು ಯಾರ ಕೈಗೆ? ಗಂಡನಿಗೆ ಹೊತ್ತಿಲ್ಲ ಗೊತ್ತಿಲ್ಲ. ಬೀದಿಯ ಕೊನೆಯ ಶಿಶುಮನೆ ಐದಕ್ಕೆ ಬೀಗ. ಚಿಕ್ಕಮ್ಮನ ಪಾರ್ಲರಿಗೆ ಗಿರಾಕಿಗಳು ಬರುವುದೇ ಸಂಜೆ. ಅಮ್ಮ ಹೋಗಿ ಮೂರು ವರ್ಷ. ಕೆಲಸ ಬಿಡುವ ಮಾತೂ ಇಲ್ಲ. ಬಾಡಿಗೆ ಮನೆ, ಗಂಡನ ಒಬ್ಬನ ದುಡಿಮೆಯಲ್ಲಿ ನಡೆಯದು.

"ಒಂದು ದಾರಿ ಇದೆ," ಎಂದ ಮ್ಯಾನೇಜರು, ಅವಳ ಮುಖ ನೋಡಲಾಗದೆ ಪುಸ್ತಕ ನೋಡುತ್ತ. "ಆರೋಗ್ಯದ ಕಾರಣಕ್ಕೆ ಡಾಕ್ಟರ ಪತ್ರ ಇದ್ರೆ ವಿನಾಯಿತಿ ಅಂತ ಬರೆದಿದೆ. ತಂದ್ಕೊಡು, ಕಳಿಸ್ತೀನಿ."

ಮರುದಿನದಿಂದ ಅವಳು ಐದಕ್ಕೆ ಏಳತೊಡಗಿದಳು. ಚಿಕ್ಕಮ್ಮ ಕೊಟ್ಟ ಬಿಸಿ ಇಸ್ತ್ರಿ, ಒದ್ದೆ ಬಟ್ಟೆ, ಎಣ್ಣೆ, ಹದಿನೆಂಟು ಪಿನ್ನು. ಅರ್ಧ ತಲೆಯಾಗುವಷ್ಟರಲ್ಲಿ ಕೂಸು ಎದ್ದು ಅಳುವುದು. ಅದನ್ನು ಮಡಿಲಲ್ಲಿಟ್ಟುಕೊಂಡು ಹಾಲು ಕುಡಿಸುತ್ತ, ಬಿಸಿ ಇಸ್ತ್ರಿಯ ಕೈಯನ್ನು ಆದಷ್ಟು ದೂರ ಚಾಚಿ ಉಳಿದರ್ಧ ಎಳೆಯುವುದು. ಎರಡು ಸಲ ಕಿವಿ ಸುಟ್ಟುಕೊಂಡಳು. ಗಂಡ ಅರೆನಿದ್ದೆಯಲ್ಲಿ, "ಏನೋ ಸುಟ್ಟ ವಾಸನೆ, ಮೋಟರ್ ಹೋಯ್ತಾ?" ಎನ್ನುತ್ತಿದ್ದ. ಇಷ್ಟೆಲ್ಲ ಮಾಡಿ ಒಂಬತ್ತಕ್ಕೆ ಅಂಗಡಿ ತಲುಪುವಾಗ ತಲೆ ಫೋಟೋದ ತಲೆಯೇ. ಅಳತೆ ಅಕ್ಕ ಸಹಿ ಹಾಕುತ್ತಿದ್ದಳು. ಆದರೆ ಕೆಲಸವೇ ಬಿಸಿಗಾಳಿಯ ಡಬ್ಬಿಯ ಮುಂದೆ ಬಗ್ಗಿ ಮಾಡುವಂಥದ್ದು. ಫ್ರೇಮು ತೊಳೆಯುವ ತೊಟ್ಟಿಯ ಹಬೆ ಬೇರೆ. ಹನ್ನೆರಡಕ್ಕೆ ಹಣೆಯ ಹತ್ತಿರ ಒಂದು ಸುರುಳಿ ಏಳುವುದು, ಒಂದಕ್ಕೆ ಕಿವಿಯ ಹತ್ತಿರ ಮೂರು, ಎರಡಾಗುವಷ್ಟರಲ್ಲಿ ಸುರುಳಿಗಳ ಒಕ್ಕಲೆಲ್ಲ ಎದ್ದು ನಿಂತಿರುತ್ತಿತ್ತು. "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ ಅಕ್ಕ ಇದು" ಎಂದು ಅವಳೇ ನಗಲು ನೋಡಿದಳು. ಅಳತೆ ಅಕ್ಕ ನಗಲಿಲ್ಲ. ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ ನೀರು ಸವರಿ ಮತ್ತೆ ಪಿನ್ನು ಒತ್ತಿದಳು.

ಆ ವಾರವೇ ಅತ್ತೆ ಸೊಸೆಯನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು, ತಮ್ಮ ಪಾಳಿಗೆ ಅರ್ಧ ಗಂಟೆ ಮೊದಲು. ಕೂಸು ಅತ್ತೆಯ ಭುಜದ ಮೇಲಿತ್ತು. ಡಾಕ್ಟರಮ್ಮ ಎಲ್ಲ ಕೇಳಿ ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು.

"ಸರಿ, ಹೀಗೆ ಬರೀತೀನಿ. 'ಹೆರಿಗೆಯ ನಂತರ ಕೂದಲುದುರುವ ತೊಂದರೆ ಇದೆ. ಒಂದು ವರ್ಷ ರಾಸಾಯನಿಕ, ಬಿಸಿ ಎರಡೂ ಕೂಡದು.' ಸುಳ್ಳೇನಲ್ಲ, ಉದುರ್ತಾ ಇದೆಯಲ್ಲ."

ಗುಂಗುರಿ ತಲೆಯಾಡಿಸುವಷ್ಟರಲ್ಲಿ ಅತ್ತೆ ಅಡ್ಡ ಬಂದರು. "ಬೇಡ ಅಮ್ಮ. ತೊಂದರೆ ಅಂತ ಬರೀಬೇಡಿ."

"ಯಾಕೆ ಹಾಲಮ್ಮ?"

"ಇಲ್ಲಿ ನಾನು ಎಷ್ಟು ನೋಡಿಲ್ಲ? ಆ ಉದ್ದ ಜಡೆ ನರ್ಸು ಬೆನ್ನುನೋವು ಅಂತ ಚೀಟಿ ತಂದ್ಳು, ಎಂಟು ದಿನಕ್ಕೆ ಮನೆಗೆ ಹೋದ್ಳು. ಅಡುಗೆ ಮನೆಯೋನು ಉಬ್ಬಸ ಅಂತ ತಂದ, ಅವನೂ ಹೋದ. ಖಾಯಿಲೆ ಚೀಟಿ ಕೊಟ್ಟವರನ್ನ ಯಾರು ಇಟ್ಕೋತಾರೆ? ಬಾಣಂತಿ, ಅದರ ಮೇಲೆ ರೋಗಿಷ್ಟೆ ಅಂದ್ರೆ ಮುಗೀತು. ಚೆನ್ನಾಗಿ ಬರೀರಿ ಅಮ್ಮ. ನಮ್ಮ ಹುಡುಗೀದು ಹುಟ್ಟಿದಾಗಿಂದ ಇದೇ ಕೂದಲು, ಒಂದು ಹುಳುಕಿಲ್ಲ, ಒಳ್ಳೆ ಕೂದಲು ಅಂತ ಬರೀರಿ. ಒಳ್ಳೇದು ಅಂತ ಡಾಕ್ಟರೇ ಹೇಳಿದ್ಮೇಲೆ ಅವರಿಗೇನು ಕಷ್ಟ?"

ಡಾಕ್ಟರಮ್ಮ ಗುಂಗುರಿಯ ಕಡೆ ನೋಡಿದರು. ಗುಂಗುರಿ ಅತ್ತೆಯ ಕಡೆ ನೋಡಿದಳು. ಹತ್ತೊಂಬತ್ತು ವರ್ಷ ಇಂಥ ಬಾಗಿಲುಗಳಲ್ಲಿ ಓಡಾಡಿದವರು, ತನಗಿಂತ ಹೆಚ್ಚು ತಿಳಿದವರು ಎನ್ನಿಸಿತು. ಆ ಮಾತಿನಲ್ಲಿ ಹುರುಳೂ ಇತ್ತು. "ಅತ್ತೆ ಹೇಳಿದ ಹಾಗೇ ಬರೀರಿ ಡಾಕ್ಟ್ರೇ" ಎಂದಳು.

ಡಾಕ್ಟರಮ್ಮ ಬರೆದರು: 'ಈಕೆಯ ಕೂದಲು ಹುಟ್ಟಿನಿಂದಲೇ ಗುಂಗುರು. ಕೂದಲು, ನೆತ್ತಿ ಎರಡೂ ಸಂಪೂರ್ಣ ಆರೋಗ್ಯವಾಗಿವೆ. ಯಾವ ಖಾಯಿಲೆಯೂ ಇಲ್ಲ.' ಮೊಹರು ಒತ್ತಿದರು. ಅತ್ತೆ ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಶಾಯಿ ಆರುವ ತನಕ ಊದಿದರು.

ಪತ್ರ ಹೋಗಿ ನಾಲ್ಕನೆಯ ದಿನ ಹೆಡ್ಡಾಫೀಸಿನಿಂದ ತಪಾಸಣೆಯವಳು ಬಂದಳು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಒಂದು ಟ್ಯಾಬು, ಅದರಲ್ಲಿ ಎಲ್ಲರ ಫೋಟೋ. ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಗುಂಗುರಿ ಒಬ್ಬ ಹಿರಿಯರಿಗೆ ಕಡ್ಡಿ ಬಗ್ಗಿಸುತ್ತಿದ್ದಳು. ತಪಾಸಣೆಯವಳು ಪಕ್ಕಕ್ಕೆ ನಿಂತು ಟ್ಯಾಬು ನೋಡಿದಳು, ತಲೆ ನೋಡಿದಳು, ಮತ್ತೆ ಟ್ಯಾಬು ನೋಡಿದಳು.

"ಬೆಳಿಗ್ಗೆ ಇವರಿಗೆ ಸಹಿ ಹಾಕಿದ್ದು ಯಾರು?"

"ನಾನು" ಎಂದಳು ಅಳತೆ ಅಕ್ಕ, ಮೆಟ್ಟಿಲ ಮೇಲಿನಿಂದ.

"ಸಹಿ ಹಾಕುವಾಗ ಹೀಗಿತ್ತಾ?"

"ಸಹಿ ಹಾಕುವಾಗ ಹಾಗಿತ್ತು. ಈಗ ಹೀಗಿದೆ."

ಕಡ್ಡಿ ಬಗ್ಗಿಸಿಕೊಳ್ಳುತ್ತಿದ್ದ ಹಿರಿಯರು, "ಏನು, ಏನಾಯ್ತು?" ಎಂದು ಕಣ್ಣು ಕಿರಿದು ಮಾಡಿದರು. ಕನ್ನಡಕ ಗುಂಗುರಿಯ ಕೈಯಲ್ಲಿತ್ತು, ಅವರಿಗೆ ಯಾರ ತಲೆಯೂ ಕಾಣುತ್ತಿರಲಿಲ್ಲ. "ಏನಿಲ್ಲ ಸರ್, ಅಲ್ಲಾಡಬೇಡಿ" ಎಂದು ಗುಂಗುರಿ ಕೆಲಸ ಮುಂದುವರಿಸಿದಳು. ಅವಳ ಹೆಬ್ಬೆರಳು ಮೊದಲ ಸಲ ಕಡ್ಡಿಯ ಹದ ತಪ್ಪಿತು.

ಇಬ್ಬರಿಗೂ ಕಪ್ಪು ಗುರುತು ಬಿತ್ತು. ಗುಂಗುರಿಗೆ ಅದು ಮೊದಲನೆಯದು. ಅಳತೆ ಅಕ್ಕನಿಗೂ ಮೊದಲನೆಯದೇ, ಹನ್ನೊಂದು ವರ್ಷದಲ್ಲಿ. ಆ ವರ್ಷ ಅವಳಿಗೆ ಮೇಲಿನ ಕೋಣೆಯ ಮುಖ್ಯಸ್ಥೆಯ ಜಾಗ ಬರಬೇಕಿತ್ತು. ಮಾರನೆಯ ಬೆಳಿಗ್ಗೆ ಇಬ್ಬರೂ ಎದುರುಬದುರು ನಿಂತರು. ಅಳತೆ ಅಕ್ಕ ಉಗುರು ನೋಡಿದಳು, ಬೂಟು ನೋಡಿದಳು, ಕಾಲರು ಸರಿಮಾಡಿದಳು. ಕೂದಲಿನ ಸಾಲಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿದಳು.

"ಕೋಪ ಅಲ್ಲ ಕಣೇ."

"ಗೊತ್ತು ಅಕ್ಕ."

"ನನ್ನ ಮನೇಲೂ ಮೂರು ಜನ ಇದಾರೆ."

"ಗೊತ್ತು ಅಕ್ಕ. ಹಾಕಬೇಡಿ."

ಸಹಿಯಿಲ್ಲದ ಹಾಳೆ ಹಿಡಿದು ಗುಂಗುರಿ ಕೌಂಟರಿಗೆ ಹೋದಳು. ಅಳತೆ ಅಕ್ಕ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಆ ದಿನ ಮೊದಲ ಗಿರಾಕಿ ಬರುವ ತನಕ ಬಾಗಿಲು ತೆರೆಯಲಿಲ್ಲ.

ಹೆಡ್ಡಾಫೀಸಿನ ಉತ್ತರ ಬಂದದ್ದು ಎರಡು ವಾರದ ಗಡುವಿನ ಹನ್ನೆರಡನೆಯ ದಿನ. ಮ್ಯಾನೇಜರು ಟೀ ತರಿಸಿದ. ಟೀ ಬಂದದ್ದು ನೋಡಿಯೇ ಗುಂಗುರಿಗೆ ಅರ್ಥವಾಯಿತು.

"ಓದ್ತೀನಿ ಕೇಳಮ್ಮ. 'ವೈದ್ಯರ ಪತ್ರದಂತೆ ಸದರಿ ನೌಕರರ ಕೂದಲು ಸಂಪೂರ್ಣ ಆರೋಗ್ಯವಾಗಿದೆ. ಆದ್ದರಿಂದ ನಿಯಮ ಪಾಲಿಸಲು ಆರೋಗ್ಯದ ಅಡ್ಡಿ ಯಾವುದೂ ಇರುವುದಿಲ್ಲ. ವಿನಾಯಿತಿ ಇಲ್ಲ.'" ಅವನು ಕಾಗದ ಮಡಚಿದ. "ಒಂದೇ ಒಂದು ಖಾಯಿಲೆ ಇದ್ದಿದ್ರೆ ಸಾಕಿತ್ತಲ್ಲಮ್ಮ. ಸಣ್ಣದು."

ಮನೆಗೆ ಬಂದು ಅವಳು ಅದನ್ನು ಹೇಳುವಾಗ ಅತ್ತೆ ಕೂಸಿನ ಬಟ್ಟೆ ಮಡಚುತ್ತಿದ್ದರು. ಕೈ ನಿಂತಿತು. ಎರಡನೆಯ ಸಲ ಹೇಳಿಸಿಕೊಂಡರು. "ಒಳ್ಳೇದು ಅಂತ ಬರೆದಿದ್ದಕ್ಕೆ?" ಎಂದರು. "ಹೌದು ಅತ್ತೆ." ಅತ್ತೆ ಚಪ್ಪಲಿ ಹಾಕಿಕೊಂಡು ಹೋದರು. ಹನ್ನೊಂದೂವರೆಗೆ ಬರುವಾಗ ಕೈಯಲ್ಲಿ ಹೊಸ ಪತ್ರವಿತ್ತು. ಡಾಕ್ಟರಮ್ಮ ಮೊದಲು ಬರೆಯುತ್ತೇನೆಂದದ್ದನ್ನೇ ಈಗ ಬರೆದಿದ್ದರು: ತೊಂದರೆ ಇದೆ, ಬಿಸಿ ಕೂಡದು, ರಾಸಾಯನಿಕ ಕೂಡದು.

ಮ್ಯಾನೇಜರು ಅದನ್ನು ಹಳೆಯ ಪತ್ರದ ಪಕ್ಕದಲ್ಲಿಟ್ಟು ಓದಿದ. "ಮೊದಲು ಯಾವ ಖಾಯಿಲೆಯೂ ಇಲ್ಲ. ಹತ್ತು ದಿನಕ್ಕೆ ತೊಂದರೆ ಇದೆ. ಅದೇ ಡಾಕ್ಟರು, ಅದೇ ಮೊಹರು. ನಿನ್ನ ಅತ್ತೆ ಅದೇ ನರ್ಸಿಂಗ್ ಹೋಮು ಅನ್ನೋದು ಅವರಿಗೆ ಗೊತ್ತಾದ್ರೆ ಡಾಕ್ಟರಮ್ಮಂಗೂ ತೊಂದರೆ. ಇದನ್ನ ನಾನು ನೋಡೇ ಇಲ್ಲ ಅಂದ್ಕೋತೀನಿ, ಆಯ್ತಾ?" ಕಾಗದವನ್ನು ಅವಳ ಕಡೆಗೆ ಮೆಲ್ಲಗೆ ಸರಿಸಿದ.

ಉಳಿದದ್ದು ಚಿಕ್ಕಮ್ಮ. ಗುಂಗುರಿ ಕೂಸನ್ನೆತ್ತಿಕೊಂಡು ಪಾರ್ಲರಿಗೆ ಹೋಗಿ ಆ ಕುರ್ಚಿಯಲ್ಲಿ ಕೂತಳು. ಚಿಕ್ಕಮ್ಮ ಕ್ರೀಮಿನ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ವಾಸನೆಗೆ ಕೂಸು ಮುಖ ಕಿವುಚಿ ಎದೆಗೆ ಮುಖ ಹುದುಗಿಸಿತು. ಚಿಕ್ಕಮ್ಮ ಮುಚ್ಚಳ ಮತ್ತೆ ತಿರುಗಿಸಿ ಹಾಕಿದಳು.

"ನನ್ನ ಕೈಲಿ ಆಗಲ್ಲ ಕಣೇ. ಇದು ನಿನ್ನ ಹಾಲಿಗೆ ಸೇರುತ್ತೋ ಬಿಡುತ್ತೋ, ನನಗೇನು ಗೊತ್ತು? ಗೊತ್ತಿಲ್ಲದ್ದನ್ನ ಮಾಡೋಕೆ ನನಗೆ ಧೈರ್ಯ ಇಲ್ಲ. ನೀನು ಹಾಲು ಬಿಡಿಸಿ ಬಾ, ಮಾಡ್ಕೊಡ್ತೀನಿ."

ಹಾಲು ಬಿಡಿಸುವ ಪ್ರಯತ್ನವೂ ಆಗಿತ್ತು. ಹಗಲು ಅತ್ತೆ ಚಮಚದಲ್ಲಿ ತಿನ್ನಿಸುವ ರಾಗಿ ಸರಿಯೇನೋ ನಡೆಯುತ್ತಿತ್ತು, ಬಾಟಲಿ ಬಾಯಿಗಿಟ್ಟರೆ ಕೂಸು ನಾಲಗೆಯಿಂದ ಹೊರಗೆ ದೂಡುತ್ತಿತ್ತು. ಎರಡು ದಿನ ಹಟ ಹಿಡಿದು ನೋಡಿದ್ದರು. ಎರಡನೆಯ ದಿನ ಸಂಜೆ ಕೂಸಿಗೆ ಅಳಲಿಕ್ಕೂ ದನಿ ಉಳಿಯದಿದ್ದಾಗ ಅತ್ತೆಯೇ, "ಸಾಕು, ಎದೆಗೆ ಹಾಕ್ಕೋ" ಎಂದಿದ್ದರು. ಊರ ಮಕ್ಕಳಿಗೆಲ್ಲ ಹಾಲು ಹಿಡಿಸಿದ ಹಾಲಮ್ಮನಿಗೆ ಮನೆಯ ಮಗುವಿಗೆ ಹಾಲು ಬಿಡಿಸಲು ಬರಲಿಲ್ಲ.

"ಹಾಗಾದ್ರೆ ಟೋಪಿ ಕೂದಲು ಕೊಡ್ಲಾ?" ಎಂದಳು ಚಿಕ್ಕಮ್ಮ. "ಮದುಮಕ್ಕಳಿಗೆ ಬಾಡಿಗೆಗೆ ಕೊಡೋದು ಒಂದಿದೆ. ರೇಷ್ಮೆ ಹಾಗೆ."

"ನಿಯಮ ಇದೆ ಚಿಕ್ಕಮ್ಮ. ಸುಳ್ಳು ಕೂದಲು ಕೂಡದು."

"ಸುಳ್ಳು ಕೂದಲು ಕೂಡದು, ನಿಜವಾದ ಕೂದಲೂ ಕೂಡದು. ಮತ್ತೆ ಬೋಳು ತಲೇಲಿ ಬರ್ಬೇಕಂತಾ?"

ಗುಂಗುರಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಬರೀ ನೀರೇ ಬಂತು. ಚಿಕ್ಕಮ್ಮ ಗಿರಾಕಿಗಳ ಟವೆಲ್ಲು ಕೊಟ್ಟು, ಬಾಗಿಲಿನ ಪರದೆ ಎಳೆದಳು.

ಮರುದಿನ ಬೆಳಿಗ್ಗೆ ಅವಳು ಮ್ಯಾನೇಜರಿಗೆ ನೆಲಮಾಳಿಗೆ ಒಪ್ಪಿಗೆ ಎಂದು ಬರೆದುಕೊಟ್ಟಳು. ಸೋಮವಾರದಿಂದ ಎಂದಾಯಿತು. ಬರೆದುಕೊಟ್ಟಳೇ ಹೊರತು ಸಂಜೆಯ ಆ ನಾಲ್ಕು ತಾಸಿಗೆ ಏನು ಮಾಡುವುದೆಂದು ಅವಳಿಗಿನ್ನೂ ತಿಳಿದಿರಲಿಲ್ಲ. ಶುಕ್ರವಾರ ಪಕ್ಕದ ಮನೆಯ ಹೊಲಿಗೆಯವಳನ್ನು ಕೇಳಿದಳು. "ಒಂದು ದಿನ ಎರಡು ದಿನ ಆದ್ರೆ ಸರಿ, ದಿನಾ ಅಂದ್ರೆ ಹೆಂಗಮ್ಮ, ಸೂಜಿ ಕತ್ತರಿ ಮನೆ" ಎಂದಳು ಅವಳು, ತಪ್ಪಿಲ್ಲದ ಮಾತು. ಶನಿವಾರ ಗಂಡ ತನ್ನ ಮೇಸ್ತ್ರಿಯನ್ನು ಬೆಳಗಿನ ಪಾಳಿ ಕೇಳಿ ಬಂದ. "ಲಿಫ್ಟುಗಳಿಗೆ ಹೇಳಿ ಬಾ, ಬೆಳಿಗ್ಗೆ ಮಾತ್ರ ಕೆಡಿ ಅಂತ" ಎಂದಿದ್ದನಂತೆ ಮೇಸ್ತ್ರಿ. ಅದನ್ನು ಹೇಳಿ ಗಂಡ ನಗಿಸಲು ನೋಡಿದ.

ಭಾನುವಾರ ಅತ್ತೆ ಎಂದಿಗಿಂತ ಬೇಗ, ಏಳು ಗಂಟೆಗೇ ಕೆಲಸದಿಂದ ಬಂದರು. ಕೈಯಲ್ಲೊಂದು ಚೀಲ. ಅದರಲ್ಲಿ ಅವರು ಅಲ್ಲಿಟ್ಟುಕೊಂಡಿದ್ದ ಸ್ಟೀಲ್ ಲೋಟ, ಬಾಚಣಿಗೆ, ಒಂದು ಜೊತೆ ಹವಾಯಿ ಚಪ್ಪಲಿ, ಮಡಚಿದ ನೀಲಿ ಕೋಟು. ಚೀಲವನ್ನು ಮೂಲೆಯಲ್ಲಿಟ್ಟು ಕೈಕಾಲು ತೊಳೆದು ಬಂದು ಕೂಸನ್ನೆತ್ತಿಕೊಂಡರು.

"ಅತ್ತೆ, ಏನಿದು?"

"ಬಿಟ್ಟೆ."

"ಏನು ಬಿಟ್ರಿ?"

"ಕೆಲಸ ಬಿಟ್ಟೆ. ಬೀರುವಿನ ಕೀಲಿ ಕೊಟ್ಟು ಬಂದೆ. ಇನ್ನೇನು, ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ."

"ನಿಮಗೆ ಮಂಡಿ ನೋವು ಎಲ್ಲಿದೆ ಅತ್ತೆ?"

"ಇರುತ್ತೆ. ಎಲ್ರಿಗೂ ಇರುತ್ತೆ." ಅತ್ತೆ ಕೂಸಿನ ಮೂಗೊರೆಸಿದರು. "ಡಾಕ್ಟರಮ್ಮ ಏನಂದ್ರು ಗೊತ್ತಾ? 'ಹಾಲಮ್ಮ, ಮಂಡಿ ನೋವು ಅಂತ ನಾನು ಬರ್ಕೊಡ್ಲಾ, ಪಾಳಿ ಬದಲಾಯಿಸಿ ಕೊಡ್ತಾರೇನೋ' ಅಂದ್ರು. ಬೇಡ ತಾಯಿ, ನಿಮ್ಮ ಕಾಗದದ ಸಹವಾಸ ಸಾಕು ಅಂದೆ. ಬೆಳಗಿನ ಪಾಳಿಗೆ ಇಬ್ಬರು ಹೊಸಬರು ಇದಾರೆ, ಅವರ ಹೊಟ್ಟೆ ಮೇಲೆ ಹೊಡೆಯಕ್ಕಾಗುತ್ತಾ?"

ಗಂಡ ಬಾಗಿಲಲ್ಲಿ ನಿಂತಿದ್ದವನು, "ಅಮ್ಮಾ, ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದ.

"ಕೇಳಿದ್ರೆ ಏನು ಹೇಳ್ತಿದ್ದೆ?"

ಅವನು ಒಳಗೆ ಬಂದು ಮೂಲೆಯ ಚೀಲವನ್ನೆತ್ತಿ ಕಪಾಟಿನ ಮೇಲಿಟ್ಟ. ಗುಂಗುರಿ 'ಬೇಡ' ಎನ್ನಬೇಕು ಎಂದು ಬಾಯಿ ತೆರೆದಳು. ನಾಳೆ ಸೋಮವಾರ ಎಂಬುದು ನೆನಪಾಗಿ ಮಾತು ಅಲ್ಲೇ ನಿಂತಿತು. "ನೀವು ಒಳ್ಳೇದಕ್ಕೇ ಹೇಳಿದ್ರಿ ಅತ್ತೆ, ಅವತ್ತು" ಎಂದಳು ಕೊನೆಗೆ. ಅತ್ತೆ ಕೇಳಿಸದವರಂತೆ ಕೂಸಿನ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ ಕೂತರು.

ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲ. ಯಂತ್ರಕ್ಕೆ ಗಾಜು ಕೊಟ್ಟರೆ ನೀರು ಚಿಮ್ಮಿಸಿಕೊಂಡು ಅಂಚು ಉಜ್ಜುತ್ತದೆ. ಉಜ್ಜಿದ ಬಿಳಿ ಗಸಿ ಕೈಗೆಲ್ಲ ಮೆತ್ತುತ್ತದೆ. ಮೂಗಿಗೆ ಮುಸುಕು, ತಲೆಗೆ ಹೊಲಿದ ಟೋಪಿ. ಟೋಪಿಯೊಳಗೆ ಕೂದಲು ಹೇಗಿದ್ದರೂ ಕೇಳುವವರಿಲ್ಲ. ಅಲ್ಲಿ ಮೂವತ್ತು ವರ್ಷದಿಂದ ಗಾಜು ಉಜ್ಜುತ್ತಿದ್ದ ಹಿರಿಯ ಮೊದಲ ದಿನ ಅವಳಿಗೆ ಯಂತ್ರ ತೋರಿಸಿಕೊಟ್ಟು, "ಮೇಲೆ ಏನು ತಪ್ಪು ಮಾಡಿದೆಯಮ್ಮ?" ಎಂದು ಕೇಳಿದ. ಕೆಳಗೆ ಬರುವವರು ಏನಾದರೊಂದು ತಪ್ಪು ಮಾಡಿಯೇ ಬರುತ್ತಿದ್ದರು. ಅವಳು "ಏನಿಲ್ಲ ಯಜಮಾನ್ರೇ" ಎಂದಳು. ಆತ ನಂಬಲಿಲ್ಲ. ನಾಲ್ಕು ಗಂಟೆಯಾಗುತ್ತಲೇ ಎದೆ ಕಲ್ಲಾಗಿ, ಅಂಗಿಯೊಳಗೆ ಮಡಚಿಟ್ಟಿದ್ದ ಬಟ್ಟೆ ನೆನೆಯುತ್ತಿತ್ತು. ಅವಳು ಬಚ್ಚಲಿಗೆ ಹೋಗಿ ಹಿಂಡಿ, ನಲ್ಲಿ ಬಿಟ್ಟು, ಬಂದು ಮುಂದಿನ ಗಾಜು ಹಿಡಿಯುತ್ತಿದ್ದಳು.

ಒಂದು ತಿಂಗಳು ಕಳೆದ ಮೇಲೆ ಅವಳ ವಾರದ ರಜೆಯ ದಿನ. ಮಧ್ಯಾಹ್ನ ಕೂಸಿನ ಜೊತೆ ಅವಳಿಗೂ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ಅತ್ತೆ ಮುಖ ತೊಳೆದು, ತಲೆ ಬಾಚಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

"ಎಲ್ಲಿಗೆ ಅತ್ತೆ?"

ಅತ್ತೆ ತಿರುಗಿ ನೋಡಿದರು. ಆ ಪ್ರಶ್ನೆಗೆ ಉತ್ತರ ತಮಗೂ ಆಗಷ್ಟೇ ಬೇಕಾಗಿದೆ ಎನ್ನುವ ಹಾಗೆ ಒಂದು ಗಳಿಗೆ ನಿಂತರು.

"ಎಲ್ಲಿಗೂ ಇಲ್ಲ. ನೀನು ಮನೇಲಿದ್ದೀಯಲ್ಲ, ಕಾಲು ಹಳೇ ಲೆಕ್ಕದಲ್ಲಿ ಹೊರಟುಬಿಡ್ತು ನೋಡು." ನಕ್ಕರು. "ಈಗ ಚಪ್ಪಲಿ ಹಾಕಿದ್ದಾಯ್ತು. ಕೊಡು ಆ ಕಳ್ಳನ್ನ, ಬೀದಿ ಕೊನೆ ತನಕ ತಿರುಗಿಸ್ಕೊಂಡು ಬರ್ತೀನಿ."

"ಮಲಗಿದೆ ಅತ್ತೆ."

"ಸರಿ, ಮಲಗಿರ್ಲಿ."

ಅತ್ತೆ ಹೊರಗೆ ಹೋಗಲಿಲ್ಲ, ಒಳಗೂ ಬರಲಿಲ್ಲ. ಹೊಸ್ತಿಲ ಮೇಲೆ ಕೂತು, ಕೆಲಸದಿಂದ ಬರುವವರನ್ನೂ ಹೋಗುವವರನ್ನೂ ನೋಡತೊಡಗಿದರು. ಗುಂಗುರಿ ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಇಷ್ಟೊತ್ತಿಗೆ ಆರನೇ ಹಾಸಿಗೆಯವಳ ಮಗು ಎದ್ದಿರುತ್ತೆ" ಎಂದರು, ನರ್ಸಿಂಗ್ ಹೋಮಿನ ಆ ಹಾಸಿಗೆಯಲ್ಲಿ ಈಗ ಯಾರಿದ್ದಾರೆಂದು ತಮಗೇ ಗೊತ್ತಿಲ್ಲದೆ.